ಅಪ್ಪನ ಹೆಸರಿನ ಮಾತ್ರೆ

ಫೆಬ್ರವರಿ 10, ಸೋಮವಾರ

ಈ ಡೈರಿಯ ಮೊದಲ ಪುಟ ನನ್ನದಲ್ಲ, ಭಾವನದು. ದಿನಕ್ಕೆ ಎಷ್ಟು ಸಲ ಮೂತ್ರಕ್ಕೆ ಹೋಗುತ್ತೀರಿ ಎಂದು ಒಂದು ವಾರ ಬರೆದಿಡಿ ಅಂತ ಡಾಕ್ಟರು ಅವರಿಗೆ ಹೇಳಿದ್ದರು. ಸೋಪಿನ ಕಂಪನಿಯವರು ನನ್ನ ಅಂಗಡಿಗೆ ಕೊಟ್ಟಿದ್ದ ಡೈರಿಯನ್ನು ನಾನೇ ತೆಗೆದುಕೊಟ್ಟೆ. ಭಾವ ಬರೆದದ್ದು ಇಷ್ಟು:

“ಬೆಳಿಗ್ಗೆ 5.10 – ಹೋದೆ. 6.00 – ಮತ್ತೆ ಹೋದೆ. 6.40 – ಹೋದೆ, ಬರಲಿಲ್ಲ. 7.05 – ನನ್ನ ಕರ್ಮ.”

ಅಲ್ಲಿಗೆ ಮುಗಿಯಿತು. ಇವತ್ತು ಡೈರಿಯನ್ನು ನನ್ನ ಮೇಜಿನ ಮೇಲೆ ಎಸೆದು, “ಇದನ್ನ ಬರ್ಕೊಂಡು ಕೂತ್ರೆ ಸ್ಕೂಲ್ ಬಸ್ ಯಾರು ಓಡಿಸ್ತಾರೆ? ನೀನೇ ಇಟ್ಕೊಳ್ಳಯ್ಯಾ. ಮಧ್ಯಾಹ್ನ ಹೊತ್ತು ನೊಣ ಹೊಡೀತಾ ಕೂತಿರ್ತೀಯಲ್ಲ” ಎಂದರು. ಮಾತು ನಿಜ. ಒಂದರಿಂದ ನಾಲ್ಕರವರೆಗೆ ನನ್ನ ಅಂಗಡಿಗೆ ಯಾರೂ ಬರುವುದಿಲ್ಲ. ಆ ಹೊತ್ತಿಗೆ ಕೂದಲು ಕತ್ತರಿಸಿಕೊಳ್ಳಬೇಕೆಂದು ಯಾರಿಗೂ ಅನ್ನಿಸುವುದಿಲ್ಲ, ಯಾಕೋ.

ಹೊಸ ಡೈರಿಯಲ್ಲಿ ಮೊದಲು ವಿಳಾಸ ಬರೆಯುವ ಹಾಗೆ ನನ್ನ ವಿಷಯವನ್ನೂ ಬರೆದುಬಿಡುತ್ತೇನೆ. ಕಟಿಂಗ್ ಅಂಗಡಿಯವನು. ಎರಡು ಕುರ್ಚಿ, ಒಬ್ಬನೇ ಕೆಲಸಗಾರ. ಕಿಟಕಿಯ ಪಕ್ಕದ ಕುರ್ಚಿ ಅಪ್ಪನದು. ಅವರು ಹೋದ ಮೇಲೆ ಅದರಲ್ಲಿ ಗಿರಾಕಿಗಳು ಪೇಪರ್ ಓದುತ್ತಾರೆ. ನನ್ನ ವಯಸ್ಸು ಐವತ್ತನಾಲ್ಕು, ತಲೆ ಮೂವತ್ತರದು. ಇದು ನಾನು ಹೇಳಿಕೊಳ್ಳುವುದಲ್ಲ, ಕನ್ನಡಿಯೇ ಹೇಳುವುದು. “ಏನು ಗುಟ್ಟು?” ಎಂದು ಕೇಳಿದವರಿಗೆಲ್ಲ “ತಲೆ ಬಿಸಿ ಮಾಡ್ಕೊಳಲ್ಲ, ಅಷ್ಟೇ” ಎನ್ನುತ್ತೇನೆ. ಆದರೆ ಬಾಚಣಿಗೆಗೆ ಬಂದ ಕೂದಲನ್ನು ದಿನಾ ಎಣಿಸುತ್ತೇನೆ.

ಬಾಚಣಿಗೆಯಲ್ಲಿ: 4.

ಫೆಬ್ರವರಿ 12, ಬುಧವಾರ

ಭಾವನ ಜೊತೆ ಆಸ್ಪತ್ರೆಗೆ ಹೋಗಿದ್ದೆ. ನನ್ನ ಹೆಂಡತಿಯೇ ಕಳಿಸಿದಳು. “ನಮ್ಮಣ್ಣ ಡಾಕ್ಟರ್ ಹೇಳಿದ್ರಲ್ಲಿ ಅರ್ಧ ಮಾತ್ರ ಮನೆಗೆ ತರ್ತಾನೆ, ಮಿಕ್ಕ ಅರ್ಧ ನೀವು ತನ್ನಿ” ಎಂದಳು.

ರಕ್ತಪರೀಕ್ಷೆಯ ಕಾಗದ ಬಂದಿತ್ತು. ಪ್ರಾಸ್ಟೇಟ್ ಗ್ರಂಥಿಗೆ ಒಂದು ಪರೀಕ್ಷೆ ಇದೆಯಂತೆ, ಪಿಎಸ್‌ಎ ಅಂತ. ಭಾವನದು 3.4. ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ, “ನಾಲ್ಕರ ಒಳಗಿದೆ. ನಿಮ್ಮ ವಯಸ್ಸಿಗೆ ಚಿಂತೆ ಇಲ್ಲ. ಗ್ರಂಥಿ ಸ್ವಲ್ಪ ದಪ್ಪ ಆಗಿದೆ, ದಾರಿ ಸಡಿಲ ಆಗೋಕೆ ಒಂದು ಮಾತ್ರೆ ಕೊಡ್ತೀನಿ” ಎಂದರು. ಬರೆಯುವ ಮೊದಲು ಕೇಳಿದರು: “ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?”

“ಏನಿಲ್ಲ ಸಾರ್. ಇವನು ಕೊಡೋ ಕೂದಲಿನ ವಿಟಮಿನ್ ಒಂದು ಬಿಟ್ರೆ” ಎಂದರು ಭಾವ, ತಲೆ ಸವರಿಕೊಂಡು.

ಡಾಕ್ಟರು ಭಾವನ ಕ್ರಾಪು ನೋಡಿ ನಕ್ಕರು. “ನನಗೂ ಸ್ವಲ್ಪ ಕೊಡಿಸಿ” ಎಂದರು. ಅವರದು ಪೂರ್ತಿ ಬಯಲು. ನಾನೂ ನಕ್ಕೆ. ಹೊರಗೆ ಬಂದು ಭಾವ ಎರಡು ಕಾಫಿ ಕುಡಿದರು, ಆಮೇಲೆ ಎರಡು ಸಲ ಒಳಗೆ ಹೋಗಿ ಬಂದರು.

ಮನೆಯಲ್ಲಿ ಇವಳಿಗೆ ಹೇಳಿದೆ: ನಾಲ್ಕರ ಒಳಗಿದೆ. ಅವಳ ಮುಖ ಅರಳಿತು. ಮೂರು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ ಎಂದು ಆಗ ಗೊತ್ತಾಯಿತು.

ಬಾಚಣಿಗೆಯಲ್ಲಿ: 3. ಒಳ್ಳೆಯ ದಿನ.

ಫೆಬ್ರವರಿ 17, ಸೋಮವಾರ

ಇವತ್ತು ಮಾತ್ರೆ ಕತ್ತರಿಸುವ ದಿನ. ಈ ಕೆಲಸವನ್ನು ಯಾರಿಗೂ ತೋರಿಸಿದ್ದಿಲ್ಲ, ಬರೆಯುವುದರಲ್ಲಿ ತಪ್ಪೇನು? ಓದುವವರು ಯಾರು?

ಶಟರ್ ಅರ್ಧ ಎಳೆದು, ಸೋಪಿನ ಬಟ್ಟಲನ್ನು ಬೋರಲು ಹಾಕಿ, ಅದರ ಮೇಲೆ ಮಾತ್ರೆ ಇಟ್ಟು, ಹೊಸ ಬ್ಲೇಡಿನಿಂದ ನಾಲ್ಕು ಚೂರು. ಒತ್ತಬಾರದು, ಒತ್ತಿದರೆ ಪುಡಿಯಾಗುತ್ತದೆ. ಗಲ್ಲದ ಮೇಲೆ ಇಟ್ಟಷ್ಟೇ ಹಗುರಾಗಿ ಇಡಬೇಕು. ನಾಲ್ಕು ಚೂರೂ ಸಮನಾಗಿ ಬಂದದ್ದು ಇಲ್ಲ. ದೊಡ್ಡ ಚೂರು ಭಾವನ ಪೊಟ್ಟಣಕ್ಕೆ, ಸಣ್ಣದು ನನಗೆ. ಆ ವಿಷಯದಲ್ಲಿ ನಾನು ಧಾರಾಳಿ.

ಇದನ್ನು ಕಂಡುಹಿಡಿದದ್ದು ನಾನೇ. ಅಪ್ಪನಿಗೂ ಪ್ರಾಸ್ಟೇಟ್ ತೊಂದರೆ ಇತ್ತು. ಕೊನೆಯ ಮೂರು ವರ್ಷ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದರು. ಅವರ ಕೂದಲನ್ನು ತಿಂಗಳಿಗೊಮ್ಮೆ ನಾನೇ ಕತ್ತರಿಸುತ್ತಿದ್ದೆ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರ ಬೋಳು ನೆತ್ತಿಯ ಮೇಲೆ ಹೊಸ ಕೂದಲು! ಬೆರಳಿಗೆ ತಾಗಿದಾಗ ನಂಬಲಾಗಲಿಲ್ಲ. ಅಪ್ಪ ಕನ್ನಡಿ ನೋಡಿ, “ಹೋಗೋ ಹೊತ್ತಿಗೆ ಬಂದಿದೆ ನೋಡೋ” ಎಂದು ನಕ್ಕಿದ್ದರು. ವಿಚಾರಿಸಿದೆ. ಅದೇ ಮಾತ್ರೆಯನ್ನು ಸಣ್ಣ ಪ್ರಮಾಣದಲ್ಲಿ ಕೂದಲಿಗೂ ಕೊಡುತ್ತಾರಂತೆ. ಆದರೆ ಅದಕ್ಕೆ ಚರ್ಮದ ಡಾಕ್ಟರ ಹತ್ತಿರ ಹೋಗಿ “ನನ್ನ ಕೂದಲು ಉದುರುತ್ತಿದೆ” ಎನ್ನಬೇಕು. ಕಟಿಂಗ್ ಅಂಗಡಿಯವನು! ಅದಕ್ಕಿಂತ ಊಟದ ಅಂಗಡಿಯವನು “ನನಗೆ ಹಸಿವು” ಎಂದು ಬೀದಿಯಲ್ಲಿ ನಿಲ್ಲುವುದು ಮೇಲು.

ಡಾಕ್ಟರು ಬರೆದುಕೊಟ್ಟ ಅಪ್ಪನ ಚೀಟಿ ನನ್ನ ಹತ್ತಿರ ಇತ್ತು. ಅಪ್ಪ ಹೋದ ಮೇಲೂ ಇತ್ತು. ದೊಡ್ಡ ಬೀದಿಯ ಮೆಡಿಕಲ್ ಶಾಪಿನ ಯಜಮಾನರು ಅದನ್ನು ತಿರುಗಿಸಿಯೂ ನೋಡುವುದಿಲ್ಲ. “ಅಪ್ಪ ಹೇಗಿದ್ದಾರೆ?” ಎನ್ನುತ್ತಾರೆ. “ಚೆನ್ನಾಗಿದ್ದಾರೆ” ಎನ್ನುತ್ತೇನೆ. ಆರು ವರ್ಷದಿಂದ ಆ ಅಂಗಡಿಯಲ್ಲಿ ನಮ್ಮಪ್ಪ ಚೆನ್ನಾಗಿಯೇ ಇದ್ದಾರೆ. ಹೋದ ತಿಂಗಳು “ಈಗ ಓಡಾಡ್ತಾರಾ?” ಎಂದು ಕೇಳಿದರು. “ಅಂಗಳದವರೆಗೆ” ಎಂದೆ.

ಭಾವನಿಗೆ ಕೊಡಲು ಶುರುಮಾಡಿ ನಾಲ್ಕು ವರ್ಷ. ಅವರ ಹೆಂಡತಿ ತೀರಿಕೊಂಡ ಮೇಲೆ ಅವರು ನಮ್ಮ ಮಹಡಿಯ ಕೋಣೆಗೆ ಬಂದರು. ಕೂದಲು ಗುಪ್ಪೆ ಗುಪ್ಪೆಯಾಗಿ ಉದುರುತ್ತಿತ್ತು. ಬಸ್ಸಿನ ಕನ್ನಡಿಯನ್ನೂ ನೋಡಲು ಮನಸ್ಸಾಗುವುದಿಲ್ಲ ಎಂದಿದ್ದರು ಒಮ್ಮೆ. ಆ ಮಾತು ನನಗೆ ತಡೆಯಲಾಗಲಿಲ್ಲ. “ವಿಟಮಿನ್, ದಿನಾ ಒಂದು ಚೂರು” ಎಂದು ಪೊಟ್ಟಣ ಕೈಗಿಟ್ಟೆ. ವರ್ಷದೊಳಗೆ ನೆತ್ತಿ ತುಂಬಿತು. ಮತ್ತೆ ನಗಲು ಕಲಿತರು. ಬಸ್ಸಿನ ಮಕ್ಕಳು ಅವರಿಗೆ ‘ಹೀರೋ ಅಂಕಲ್’ ಎಂದು ಹೆಸರಿಟ್ಟರು. ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಬಾಚಣಿಗೆಯಲ್ಲಿ: 5.

ಫೆಬ್ರವರಿ 21, ಶುಕ್ರವಾರ

ಲ್ಯಾಬಿನವನು ಬಂದಿದ್ದ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಮಾತು ಜಾಸ್ತಿ, ಕೂದಲು ಕಡಿಮೆ. ಮಾತಿಗೆ ಮಾತು ಬಂದು, ನಮ್ಮ ಭಾವನ ಪರೀಕ್ಷೆ ನಿಮ್ಮಲ್ಲೇ ಆಯಿತು, 3.4 ಬಂತು ಎಂದೆ.

“ಒಳ್ಳೇದಾಯ್ತು ಬಿಡಿ. ಪ್ರಾಸ್ಟೇಟ್ ಮಾತ್ರೆ ಏನೂ ತಗೋತಿರಲಿಲ್ಲ ತಾನೇ?”

“ಯಾಕೆ?”

“ಆ ಮಾತ್ರೆಗಳಲ್ಲಿ ಎರಡು ತರ ಸಾರ್. ಒಂದು ಬರೀ ದಾರಿ ಸಡಿಲ ಮಾಡುತ್ತೆ, ಅದರಿಂದ ಪರೀಕ್ಷೆಗೆ ಏನೂ ಆಗಲ್ಲ. ಇನ್ನೊಂದು ಗ್ರಂಥಿನೇ ಕುಗ್ಗಿಸುತ್ತೆ. ಅದನ್ನ ಆರು ತಿಂಗಳು, ವರ್ಷ ತಗೊಂಡ್ರೆ ಪಿಎಸ್‌ಎ ಅರ್ಧಕ್ಕಿಳಿದುಬಿಡುತ್ತೆ. ನಮ್ಮ ಮೆಷಿನ್‌ಗೆ ಅದೆಲ್ಲ ಗೊತ್ತಾಗಲ್ಲ, ಇದ್ದದ್ದು ಇದ್ದಂಗೆ ಹೇಳುತ್ತೆ. ಡಾಕ್ಟರು ಎರಡರಿಂದ ಗುಣಿಸಿ ನೋಡ್ಬೇಕು. ಅವರಿಗೆ ಗೊತ್ತಿಲ್ದಿದ್ರೆ ಕ್ಯಾನ್ಸರ್ ಇದ್ರೂ ‘ಏನಿಲ್ಲ, ಹೋಗಿ ಬನ್ನಿ’ ಅಂತಾರೆ.”

“ಕಾಲು ಮಾತ್ರೆ ತಗೊಂಡ್ರೆ?” ಬಾಯಿಂದ ಬಂದೇಬಿಟ್ಟಿತು.

“ಕೂದಲಿಗೆ ತಗೋತಾರಲ್ಲ, ಅದಾ? ಅದೂ ಅಷ್ಟೇ. ಸಣ್ಣ ಡೋಸ್ ಅಂತ ಕಮ್ಮಿ ಏನೂ ಇಳಿಸಲ್ಲ. ಜನ ಅದನ್ನ ಔಷಧಿ ಅಂತಾನೇ ಹೇಳಲ್ಲ ನೋಡಿ. ಯಾಕೆ, ನೀವೇನಾದ್ರೂ...?” ಎಂದು ಕನ್ನಡಿಯಲ್ಲಿ ನನ್ನ ತಲೆ ನೋಡಿ ಕಣ್ಣು ಹೊಡೆದ.

“ಹೋಗಯ್ಯಾ” ಎಂದೆ. ಅವನ ಕಿವಿಯ ಪಕ್ಕ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ ಆಗಿಹೋಯಿತು. ಸರಿಮಾಡುವಷ್ಟರಲ್ಲಿ ಎರಡೂ ಕಡೆ ತೀರ ಮೇಲೆ ಹೋಯಿತು. ಅವನು ಗಮನಿಸಲಿಲ್ಲ, ಮಾತಾಡುತ್ತಲೇ ಇದ್ದ.

ಫೆಬ್ರವರಿ 22, ಶನಿವಾರ

ಇವತ್ತು ಏನೂ ವಿಶೇಷವಿಲ್ಲ. ಬಾಚಣಿಗೆಯಲ್ಲಿ: 6.

ಫೆಬ್ರವರಿ 23, ಭಾನುವಾರ

ನಿನ್ನೆ ಬರೆದದ್ದು ಸುಳ್ಳು. ಇಡೀ ದಿನ ಲೆಕ್ಕ ಹಾಕುತ್ತಿದ್ದೆ.

3.4 ಎರಡರಿಂದ ಗುಣಿಸಿದರೆ 6.8. ನಾಲ್ಕರ ಒಳಗಿಲ್ಲ. ಕಳೆದ ವರ್ಷ ಸ್ಕೂಲಿನವರು ಡ್ರೈವರುಗಳಿಗೆಲ್ಲ ಮಾಡಿಸಿದ ಪರೀಕ್ಷೆಯಲ್ಲಿ ಭಾವನದು 2.2 ಇತ್ತು. ಆ ಕಾಗದ ಹುಡುಕಿ ನೋಡಿದೆ. ಇಳಿಸುವ ಮಾತ್ರೆ ದಿನಾ ಹೊಟ್ಟೆಗೆ ಹೋಗುತ್ತಿರುವಾಗಲೇ ಏರಿದೆ. ಗುಣಾಕಾರ ಮಾಡುವುದು ನನ್ನ ಕೆಲಸವಲ್ಲ. ಆದರೆ ಮಾಡಿದ್ದಾಯಿತು.

ಇರಬಹುದು, ಇಲ್ಲದಿರಬಹುದು. ಗ್ರಂಥಿ ದಪ್ಪವಾದರೂ ಈ ಸಂಖ್ಯೆ ಏರುತ್ತದಂತೆ. ಸುಮ್ಮನೆ ಯಾಕೆ ಹೆದರಿಸಬೇಕು? ಮತ್ತೆ ಹೇಳುವುದಾದರೂ ಹೇಗೆ? “ಭಾವ, ಅದು ವಿಟಮಿನ್ ಅಲ್ಲ. ಸತ್ತ ನಮ್ಮಪ್ಪನ ಹೆಸರಿನಲ್ಲಿ ತಂದ ಔಷಧಿ” ಎಂದೇ? ಇವಳಿಗೆ ಈ ಅಣ್ಣನೇ ಅಪ್ಪ, ಅಮ್ಮ ಎಲ್ಲ. ನನ್ನ ಮುಖ ನೋಡುತ್ತಾಳೆಯೆ?

ಫೆಬ್ರವರಿ 25, ಮಂಗಳವಾರ

ದಾರಿ ಸಿಕ್ಕಿತು! ಇಷ್ಟು ಸುಲಭವಾದದ್ದು ಮೊದಲೇ ಯಾಕೆ ಹೊಳೆಯಲಿಲ್ಲವೋ.

ಭಾವನ ಪೊಟ್ಟಣದಲ್ಲಿ ಇನ್ನು ಆ ಚೂರು ಹಾಕುವುದಿಲ್ಲ. ಇವಳ ಕ್ಯಾಲ್ಸಿಯಂ ಮಾತ್ರೆಯೂ ಬಿಳಿಯೇ. ಅದನ್ನೇ ಕತ್ತರಿಸಿ ಹಾಕುತ್ತೇನೆ. ಔಷಧಿ ನಿಂತರೆ ಸಂಖ್ಯೆ ತಾನಾಗಿಯೇ ತನ್ನ ಜಾಗಕ್ಕೆ ಏರುತ್ತದೆ. ಮುಂದಿನ ಸಲ ಪರೀಕ್ಷೆ ಮಾಡಿಸಿದಾಗ ನಿಜವಾದದ್ದು ಬರುತ್ತದೆ. ಡಾಕ್ಟರೇ ನೋಡಿಕೊಳ್ಳುತ್ತಾರೆ. ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ.

ಕ್ಯಾಲ್ಸಿಯಂ ಮಾತ್ರೆ ಗಟ್ಟಿ, ಎರಡು ಬ್ಲೇಡು ಹಾಳಾಯಿತು. ಆದರೂ ಸಂಜೆ ಭಾವನಿಗೆ ಹೊಸ ಪೊಟ್ಟಣ ಕೊಟ್ಟು ನನ್ನ ಬೆನ್ನು ನಾನೇ ತಟ್ಟಿಕೊಂಡೆ. “ಈ ಸಲ ಚೂರು ದಪ್ಪ ಇದೆಯಲ್ಲಯ್ಯಾ” ಎಂದರು. “ಮೂಳೆಗೂ ಒಳ್ಳೇದು” ಎಂದೆ. ಸುಳ್ಳಲ್ಲ.

ನನ್ನ ಚೂರನ್ನು ನಾನು ನುಂಗಿದೆ. ಬಾಚಣಿಗೆಯಲ್ಲಿ: 4.

ಮಾರ್ಚ್ 4, ಮಂಗಳವಾರ

ಡಾಕ್ಟರು ಕೊಟ್ಟ, ದಾರಿ ಸಡಿಲ ಮಾಡುವ ಮಾತ್ರೆ ಭಾವನಿಗೆ ಚೆನ್ನಾಗಿ ಹಿಡಿಸಿದೆ. ರಾತ್ರಿ ಒಂದೇ ಸಲ ಏಳುತ್ತಾರಂತೆ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಸಿಳ್ಳೆ ಹಾಕುತ್ತಾರೆ. “ನಾನು ಗುಣವಾದೆ ಕಣೇ ಪುಟ್ಟಿ” ಎಂದು ಇವಳಿಗೆ ಹೇಳಿದರು. ಆ ಸಿಳ್ಳೆ ಕೇಳಿದರೆ ನಾನು ಬೇಗ ಅಂಗಡಿಗೆ ಹೊರಟುಬಿಡುತ್ತೇನೆ.

ಮಾರ್ಚ್ 8, ಶನಿವಾರ

ಬೆಳಿಗ್ಗೆ ಇವಳು ಮಾತ್ರೆಯ ಡಬ್ಬಿ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದಳು. “ನನ್ನ ಕ್ಯಾಲ್ಸಿಯಂ ಯಾರು ಕದೀತಿರೋದು? ತಿಂಗಳು ಪೂರ್ತಿ ಬರಬೇಕಾದ್ದು, ಇನ್ನು ಆರೇ ಇದೆ.”

“ನಾನಂತೂ ಅಲ್ಲ” ಎಂದರು ಭಾವ. “ನನಗೆ ನನ್ನ ವಿಟಮಿನ್ನೇ ಸಾಕು.”

“ಇಲಿ ಇರಬೇಕು” ಎಂದೆ ನಾನು.

“ಗಟ್ಟಿಮುಟ್ಟಾದ ಇಲಿ” ಎಂದರು ಭಾವ. ಇವಳು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದ ಸಂಸಾರ, ನಾನು ಯಾವಾಗ ಸುಳ್ಳು ಹೇಳುತ್ತೇನೆಂದು ಅವಳಿಗೆ ಗೊತ್ತು. ಏನು ಸುಳ್ಳು ಎನ್ನುವುದಷ್ಟೇ ಗೊತ್ತಾಗಿಲ್ಲ.

ಬಾಚಣಿಗೆಯಲ್ಲಿ: 9.

ಮಾರ್ಚ್ 10, ಸೋಮವಾರ

ಲ್ಯಾಬಿನವನು ಮತ್ತೆ ಬಂದ. ಹೋದ ಸಲದ ಕಟಿಂಗ್ ನೋಡಿ ಲ್ಯಾಬಿನಲ್ಲಿ ಎಲ್ಲರೂ ನಕ್ಕರಂತೆ. ಇವತ್ತು ಬರೀ ಶೇವಿಂಗ್. ನೊರೆ ಹಚ್ಚುತ್ತಾ ಸಹಜವಾಗಿ ಕೇಳುವಂತೆ ಕೇಳಿದೆ: “ಆ ಮಾತ್ರೆ ನಿಲ್ಲಿಸಿದ್ರೆ ನಿಮ್ಮ ಸಂಖ್ಯೆ ಎಷ್ಟು ದಿನಕ್ಕೆ ಸರಿಹೋಗುತ್ತೆ?”

“ಆರು ತಿಂಗಳು ಹಿಡೀಬಹುದು. ಯಾರಿಗೆ ಸಾರ್?”

“ಒಬ್ಬ ಗಿರಾಕಿಗೆ. ಅವನು ಮಾತ್ರೆ ಬಿಟ್ಟು ಕಾಯ್ತಿದ್ದಾನೆ.”

“ಕಾಯೋದ್ಯಾಕೆ?” ಎಂದು ಅವನು ನೊರೆಯ ಮುಖದಲ್ಲೇ ನನ್ನ ಕಡೆ ತಿರುಗಿದ. “ಡಾಕ್ಟರ ಹತ್ರ ಹೋಗಿ, ನಾನು ಈ ಮಾತ್ರೆ ತಗೋತಿದ್ದೆ, ಇಷ್ಟು ವರ್ಷ ಅಂತ ಒಂದು ಮಾತು ಹೇಳಿದ್ರೆ ಮುಗೀತಲ್ಲ. ಅವರು ಅಲ್ಲೇ ಲೆಕ್ಕ ಹಾಕ್ತಾರೆ, ಮುಂದಿನ ಪರೀಕ್ಷೆ ಬರೀತಾರೆ. ಒಳಗೆ ಇರೋದು ಇದ್ರೆ, ಅದೇನು ಆರು ತಿಂಗಳು ಸುಮ್ನೆ ಕೂತಿರುತ್ತಾ?”

ಕತ್ತಿ ಕೈಯಲ್ಲಿ ಇತ್ತು. ಕೆಳಗಿಟ್ಟೆ. ನೀರು ಕುಡಿದು ಬಂದು ಮುಂದುವರಿಸಿದೆ. ಆದರೂ ಗಲ್ಲದ ಕೆಳಗೆ ಒಂದು ಗೆರೆ ರಕ್ತ ಬಂತು. ನನ್ನ ಕೈಯಿಂದ ಇಪ್ಪತ್ತು ವರ್ಷದಲ್ಲಿ ಇದೇ ಮೊದಲು.

ಒಂದು ಮಾತು. ಆ ಒಂದು ಮಾತನ್ನು ತಪ್ಪಿಸಿಕೊಳ್ಳಲು ನಾನು ಭಾವನ ಆರು ತಿಂಗಳನ್ನು ಕೊಡಲು ಹೊರಟಿದ್ದೆ. ಅದೂ ಅವರನ್ನು ಕೇಳದೆ.

ಮಾರ್ಚ್ 11, ಮಂಗಳವಾರ

ಹೇಳಲಿಲ್ಲ.

ಮಾರ್ಚ್ 12, ಬುಧವಾರ

ಮಹಡಿ ಮೆಟ್ಟಿಲು ಹತ್ತಿದೆ. ಭಾವ ಷರಟಿಗೆ ಗುಂಡಿ ಹೊಲಿಯುತ್ತಿದ್ದರು. “ಏನಯ್ಯಾ?” ಎಂದರು. “ದಾರ ಬೇಕಿತ್ತು” ಎಂದೆ. ದಾರ ತೆಗೆದುಕೊಂಡು ಇಳಿದು ಬಂದೆ. ಅದು ಈಗ ನನ್ನ ಮುಂದೆ ಮೇಜಿನ ಮೇಲಿದೆ. ನಾಚಿಕೆಗೇಡು.

ಮಾರ್ಚ್ 14, ಶುಕ್ರವಾರ

ಹೇಳಿದೆ.

ಮೂರು ಗಂಟೆಗೆ ಭಾವ ಕಟಿಂಗಿಗೆ ಬಂದರು. ನಾಳೆ ಸ್ಕೂಲಿನಲ್ಲಿ ಫೋಟೋ ತೆಗೆಯುತ್ತಾರಂತೆ. “ಚೆನ್ನಾಗಿ ಮಾಡಯ್ಯಾ, ಹೀರೋ ಅಂಕಲ್ ಮರ್ಯಾದೆ ಪ್ರಶ್ನೆ” ಎಂದು ಕುರ್ಚಿಯಲ್ಲಿ ಕೂತರು. ಬಟ್ಟೆ ಹೊದಿಸಿದೆ. ಎಡಗಡೆ ಮುಗಿಸಿ ಬಲಗಡೆಗೆ ಬಂದೆ. ಬೆರಳ ನಡುವೆ ಅವರ ಕೂದಲು ಇತ್ತು, ದಟ್ಟವಾಗಿ, ನಾನೇ ಬೆಳೆಸಿದ್ದು. ಇನ್ನು ಕತ್ತರಿ ಓಡಲಿಲ್ಲ.

“ಭಾವ, ನಾನು ಕೊಡ್ತಿದ್ದದ್ದು ವಿಟಮಿನ್ ಅಲ್ಲ” ಎಂದೆ. ಕನ್ನಡಿಗೆ ಹೇಳಿದೆ. ಅವರ ಮುಖ ನೇರವಾಗಿ ನೋಡಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ.

ಆಮೇಲೆ ಎಲ್ಲ ಬಂತು. ಅಪ್ಪನ ಚೀಟಿ, ನಾಲ್ಕು ಚೂರು, ಲ್ಯಾಬಿನವನ ಮಾತು, 6.8, ಇವಳ ಕ್ಯಾಲ್ಸಿಯಂ. ಭಾವ ಬಟ್ಟೆಯೊಳಗಿಂದ ಕೈ ಹೊರಗೆ ತೆಗೆಯಲಿಲ್ಲ. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

“ಅಪ್ಪನ ಮಾತ್ರೆನಾ?” ಎಂದರು ಕೊನೆಗೆ.

“ಹೂಂ.”

“ಗೊತ್ತಾಗಿ ಎಷ್ಟು ದಿನ ಆಯ್ತು ನಿನಗೆ?”

“ಮೂರು ವಾರ.”

“ನನಗೆ ಅದು ಏನು ಅಂತ ಗೊತ್ತಿರಲಿಲ್ಲ. ಆದ್ರೂ ನಾನು ಡಾಕ್ಟರಿಗೆ ಹೇಳಿದ್ದೆ. ಹೇಳಿದ್ದೆ ತಾನೇ? ಡಾಕ್ಟರು ನಕ್ರು. ಅವರಿಗೆ ಗೊತ್ತಿರಲಿಲ್ಲ, ನಕ್ರು. ನೀನು ಯಾಕಯ್ಯಾ ನಕ್ಕೆ?”

ನನಗೂ ಆಗ ಇದೆಲ್ಲ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ವಿಟಮಿನ್ ಅಲ್ಲ ಎನ್ನುವುದು ಗೊತ್ತಿತ್ತಲ್ಲ.

ಭಾವ ಬಟ್ಟೆಯನ್ನು ತಾವೇ ಬಿಚ್ಚಿ, ಕುರ್ಚಿಯ ತೋಳಿನ ಮೇಲೆ ಮಡಚಿಟ್ಟರು. ಅವರು ಯಾವಾಗಲೂ ಮಡಚಿಯೇ ಇಡುವುದು. ಅರ್ಧ ತಲೆಯಲ್ಲೇ ಎದ್ದು ಹೋದರು.

ಮಾರ್ಚ್ 15, ಶನಿವಾರ

ಇವಳಿಗೆ ನಿನ್ನೆಯೇ ಹೇಳಿದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಇವತ್ತು ಬೆಳಿಗ್ಗೆ ಕಾಫಿ ಕೊಡುತ್ತಾ ಇಷ್ಟೇ ಹೇಳಿದಳು: “ನಿಮ್ಮ ಕೂದಲು ಹೋದ್ರೆ ನಾನೇನು ನಿಮ್ಮನ್ನ ಬಿಟ್ಟು ಹೋಗ್ತಿದ್ನಾ? ಅಷ್ಟೂ ನಂಬಿಕೆ ಇರಲಿಲ್ವಾ?”

ಆಮೇಲೆ ಹೇಳಿದಳು: “ಅಣ್ಣನಿಗೆ ಏನಾದ್ರೂ ಆದ್ರೆ ಏನ್ ಮಾಡ್ತೀನೋ ನನಗೇ ಗೊತ್ತಿಲ್ಲ.”

ಫೋಟೋಗೆ ಭಾವ ಟೋಪಿ ಹಾಕಿಕೊಂಡು ಹೋದರು.

ಮಾರ್ಚ್ 17, ಸೋಮವಾರ

ಆಸ್ಪತ್ರೆಗೆ ಮೂವರೂ ಹೋದೆವು. ಭಾವ ಮುಂದೆ, ಇವಳು ನಡುವೆ, ನಾನು ಹಿಂದೆ. ಡಾಕ್ಟರು ಏನು ಸಮಾಚಾರ ಎಂದಾಗ ಭಾವ ಹೆಬ್ಬೆರಳನ್ನು ನನ್ನ ಕಡೆ ತಿರುಗಿಸಿ, “ಇವನು ಹೇಳ್ತಾನೆ” ಎಂದರು. ಅಪ್ಪನ ಚೀಟಿಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಆಗಲಿಲ್ಲ.

ಡಾಕ್ಟರು ಬೈಯಲಿಲ್ಲ. ಪೆನ್ನು ತೆಗೆದು 3.4ರ ಪಕ್ಕದಲ್ಲಿ 6.8 ಎಂದು ಬರೆದು ಸುತ್ತ ಗೆರೆ ಎಳೆದರು. ನಾನು ಮೂರು ವಾರದ ಹಿಂದೆ ಈ ಡೈರಿಯಲ್ಲಿ ಬರೆದದ್ದೇ. “ಸಂಖ್ಯೆ ಇಳಿದಿದೆ ಅಂದ್ರೆ ಕಾಯಿಲೆ ಇಳಿದಿದೆ ಅಂತ ಅಲ್ಲ” ಎಂದರು. “ಈ ಮಾತ್ರೆ ತಗೋತಿರೋರಲ್ಲಿ ಇಳಿದಿದ್ದು ಹಾಗೇ ಇರಬೇಕು. ಸ್ವಲ್ಪ ಏರಿದ್ರೂ ನಾವು ಕಿವಿ ನೆಟ್ಟಗೆ ಮಾಡ್ಕೋಬೇಕು. ಇವರದು ಒಂದು ವರ್ಷದಲ್ಲಿ ಇಷ್ಟು ಏರಿದೆ. ಸ್ಕ್ಯಾನ್ ಮಾಡಿಸೋಣ, ಬೇಕಾದ್ರೆ ಬಯಾಪ್ಸಿ.” ಸ್ವಲ್ಪ ತಡೆದು, “ವಿಟಮಿನ್ ಅಂದಾಗ ಹೆಸರೇನು ಅಂತ ನಾನೂ ಕೇಳ್ಬೇಕಿತ್ತು” ಎಂದರು. ಆ ಮನುಷ್ಯ ಹಾಗೆ ಹೇಳಬೇಕಾಗಿರಲಿಲ್ಲ. ಹೇಳಿದರು.

ನನ್ನ ರಕ್ತವನ್ನೂ ತೆಗೆದರು.

ಮಾರ್ಚ್ 20, ಗುರುವಾರ

ನನ್ನದು 0.9. ಎರಡರಿಂದ ಗುಣಿಸಿದರೂ ಏನೂ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಮಾರ್ಚ್ 26, ಬುಧವಾರ

ಸ್ಕ್ಯಾನಿನಲ್ಲಿ ಒಂದು ಕಲೆ ಕಂಡಿದೆ. ಬಯಾಪ್ಸಿ ಸೋಮವಾರ.

ಮಾರ್ಚ್ 29, ಶನಿವಾರ

ಹದಿನೈದು ದಿನದಿಂದ ಭಾವ ಟೋಪಿ ತೆಗೆದಿಲ್ಲ. ಊಟಕ್ಕೆ ಕೂತರೂ ಟೋಪಿ. ನನ್ನ ಜೊತೆ ಮಾತು “ಉಪ್ಪು ಕೊಡು” ಎನ್ನುವಷ್ಟು. ಬೇರೆ ಅಂಗಡಿಗೆ ಹೋಗಿ ಮುಗಿಸಿಕೊಳ್ಳಬಹುದಿತ್ತು, ಬೀದಿಗೊಂದು ಇದೆ. ಹೋಗಲಿಲ್ಲ.

ಇವತ್ತು ಎರಡು ಗಂಟೆಗೆ ಅಂಗಡಿಗೆ ಬಂದರು. ಅಪ್ಪನ ಕುರ್ಚಿಯ ಮೇಲಿದ್ದ ಪೇಪರುಗಳನ್ನು ಎತ್ತಿ ಪಕ್ಕಕ್ಕಿಟ್ಟು ಅಲ್ಲೇ ಕೂತರು. ಟೋಪಿ ತೆಗೆದರು. ಎಡಗಡೆ ಬೆಳೆದಿತ್ತು, ಬಲಗಡೆ ಇನ್ನೂ ಬೆಳೆದಿತ್ತು.

“ಬಯಾಪ್ಸಿಗೆ ಹೀಗೆ ಹೋದ್ರೆ ನರ್ಸಮ್ಮ ಏನಂದ್ಕೊಳ್ಳಲ್ಲ? ಬೇರೆಯವನ ಹತ್ರ ಹೋದ್ರೆ ಇದನ್ನ ಯಾವನು ಕತ್ತರಿಸಿದ್ದು ಅಂತ ಕೇಳ್ತಾನೆ. ನಮ್ಮ ಮನೆಯೋನು ಅಂತ ಹೇಳ್ಬೇಕಾಗುತ್ತೆ.”

ನನ್ನ ಕಣ್ಣಲ್ಲಿ ನೀರು ಬಂತು. ಕೂದಲು ಬಿತ್ತು ಎಂದು ಒರೆಸಿಕೊಂಡೆ. “ಸರಿಯಾಗಿ ಕಣ್ಣು ಬಿಟ್ಟು ಮಾಡಯ್ಯಾ, ಕಿವಿ ಹೋದೀತು” ಎಂದರು ಭಾವ. ಬಲಗಡೆ ಮುಗಿಸಿ ಎಡಗಡೆ ಸಮ ಮಾಡಿದೆ. ಏಳುವಾಗ ಕೇಳಿದರು: “ಈಗ ಮಾತ್ರೆ ನಿಲ್ಲಿಸಿದ್ದೀವಲ್ಲ, ಇದೆಲ್ಲ ಉದುರುತ್ತಾ?”

“ನಿಧಾನಕ್ಕೆ ಉದುರುತ್ತೆ.”

“ನಿನ್ನದೂ?”

“ನನ್ನದೂ.”

“ಹಾಗಾದ್ರೆ ಸರಿ” ಎಂದರು.

ಏಪ್ರಿಲ್ 8, ಮಂಗಳವಾರ

ಫಲಿತಾಂಶ ಬಂತು. ಕ್ಯಾನ್ಸರ್ ಇದೆ.

ಆ ಶಬ್ದ ಬರೆಯಲು ಪೆನ್ನು ತಡೆಯಿತು, ಆದರೂ ಬರೆದೆ. ಇನ್ನು ಯಾವುದನ್ನೂ ಬೇರೆ ಹೆಸರಿಟ್ಟು ಬರೆಯಬಾರದು ಎಂದುಕೊಂಡಿದ್ದೇನೆ.

ಗ್ರಂಥಿಯನ್ನು ದಾಟಿಲ್ಲ ಎಂದರು ಡಾಕ್ಟರು. ಆಪರೇಷನ್ ಮಾಡಬಹುದು, ಮಾಡಿದರೆ ಪೂರ್ತಿ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ. ಇವಳು “ಆರು ತಿಂಗಳು ಬಿಟ್ಟು ಬಂದಿದ್ರೆ?” ಎಂದು ಕೇಳಿದಳು. “ಆಗಲೂ ಇದೇ ಮಾತು ಹೇಳ್ತಿದ್ನೋ ಇಲ್ವೋ, ಗೊತ್ತಿಲ್ಲಮ್ಮ” ಎಂದರು ಡಾಕ್ಟರು. ಇವಳು ನನ್ನ ಕಡೆ ನೋಡಲಿಲ್ಲ. ಆದರೆ ಹೊರಗೆ ಬೆಂಚಿನ ಮೇಲೆ ಕೂತಾಗ ಅವಳ ಕೈಚೀಲವನ್ನು ನನ್ನ ತೊಡೆಯ ಮೇಲಿಟ್ಟಳು, ಹಿಡಿದುಕೊಳ್ಳಿ ಎನ್ನುವಂತೆ. ಮೂರು ವಾರದ ಮೇಲಾಗಿತ್ತು ಅವಳು ನನ್ನ ಕೈಗೆ ಏನನ್ನಾದರೂ ಕೊಟ್ಟು.

ಭಾವ ಮೂತ್ರಕ್ಕೆ ಹೋಗಿ ಬಂದು, “ಡೈರಿಲಿ ಬರ್ಕೋ, ಹನ್ನೊಂದು ಇಪ್ಪತ್ತು, ಹೋದೆ, ಬಂತು” ಎಂದರು. ಬರೆದಿದ್ದೇನೆ.

ಏಪ್ರಿಲ್ 10, ಗುರುವಾರ

ಆಪರೇಷನ್ನಿಗೆ ಮೊದಲು ಭಾವನಿಗೆ ಬೇಕಾದ ಔಷಧಿ ತರಲು ದೊಡ್ಡ ಬೀದಿಯ ಮೆಡಿಕಲ್ ಶಾಪಿಗೆ ಹೋದೆ. ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದರು. ಯಜಮಾನರು ಚೀಟಿ ನೋಡಿದರು. ಈ ಸಲ ತಿರುಗಿಸಿಯೂ ನೋಡಿದರು.

“ಇದು ಬೇರೆ ಹೆಸರು. ಅಪ್ಪನ ಮಾತ್ರೆ ಬೇಡ್ವಾ? ಹೇಗಿದ್ದಾರೆ ಅಪ್ಪ?”

ಚೆನ್ನಾಗಿದ್ದಾರೆ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಆರು ವರ್ಷದ ಅಭ್ಯಾಸ.

“ಅಪ್ಪ ಇಲ್ಲ” ಎಂದೆ.

ಅವರ ಕೈ ನಿಂತಿತು. “ಅಯ್ಯೋ. ಯಾವಾಗ ಹೋದ್ರು?”

“ಆರು ವರ್ಷ ಆಯ್ತು. ಮಾತ್ರೆ ನಾನು ತಗೋತಿದ್ದೆ, ಕೂದಲಿಗೆ. ನಮ್ಮ ಭಾವನಿಗೂ ಕೊಟ್ಟೆ, ಅವರಿಗೆ ಗೊತ್ತಿಲ್ದಂಗೆ. ನಿಮಗೂ ಸುಳ್ಳು ಹೇಳ್ದೆ.”

ಹಿಂದೆ ನಿಂತವರಲ್ಲಿ ಇಬ್ಬರು ನನ್ನ ಗಿರಾಕಿಗಳು. ಯಜಮಾನರು ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಬೈಯಬೇಕಿತ್ತು. ಅವರು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದರು. ನನ್ನ ಭುಜದ ಮೇಲೆ ಕೈ ಇಟ್ಟರು.

“ನನ್ನ ಮದುವೆ ದಿನ ನನಗೆ ಶೇವಿಂಗ್ ಮಾಡಿದ್ದು ನಿಮ್ಮಪ್ಪ” ಎಂದರು. “ಹೇಳಿದ್ರೆ ಬರ್ತಿದ್ನಲ್ಲಪ್ಪಾ, ಮಣ್ಣಿಗೆ.”

ಅಪ್ಪ ಹೋದ ದಿನ ನಾನು ಅತ್ತಿರಲಿಲ್ಲ. ಕೆಲಸ ಇತ್ತು, ಜನ ಇದ್ದರು, ಆಮೇಲೆ ಚೀಟಿ ಇತ್ತು. ಇವತ್ತು ಆ ಅಂಗಡಿಯ ಮುಂದೆ, ಅಷ್ಟು ಜನರ ಎದುರಿಗೆ, ಅತ್ತುಬಿಟ್ಟೆ.